ತಲೆಯ ಹೊಟ್ಟೂ ಅಜ್ಜಿಯ ಎಣ್ಣೆಯೂ

ನಮ್ಮ ಮಂಗಳೂರಿನ ಮಳೆಗಾಲದಲ್ಲಿ ಒಣಗದೆ ಉಳಿಯುವ ವಸ್ತುಗಳಲ್ಲಿ ಹೆಂಗಸರ ತಲೆಗೂದಲೂ ಒಂದು. ಬಟ್ಟೆಗೆ ಬಿಸಿಲಿಲ್ಲ, ಹಪ್ಪಳಕ್ಕೆ ಬಿಸಿಲಿಲ್ಲ. ಮಿಂದ ತಲೆಗೆ ಎಲ್ಲಿಂದ ಬರಬೇಕು? ಹಸಿಗೂದಲನ್ನೇ ಗಂಟುಹಾಕಿಕೊಂಡು ಕೆಲಸಕ್ಕೆ ಓಡುವವರೇ ಹೆಚ್ಚು. ತಲೆಯ ಹೊಟ್ಟು ಇಲ್ಲಿ ಮನೆಮನೆಯ ಮಾತಾಗಿರುವುದರಲ್ಲಿ ಆಶ್ಚರ್ಯವೇನು?

ನನ್ನ ತಾಯಿಗೆ ಎಂಬತ್ತು ದಾಟಿದೆ. ಅವರ ಎಳವೆಯಲ್ಲಿ ದಾಸವಾಳದ ಎಲೆ ಕಿವುಚಿ ತೆಗೆದ ಗೊಂಪೇ ತಲೆಗೆ ಸಾಬೂನು. ಹಬ್ಬಕ್ಕೆ ಸೀಗೆ, ಅಂಟುವಾಳ. ಮೊಮ್ಮಗಳ ನೆತ್ತಿಗೆ ತೆಂಗಿನೆಣ್ಣೆ ತಿಕ್ಕುವುದು ಅವರ ಪಾಲಿಗೆ ಬರಿಯ ಉಪಚಾರವಲ್ಲ, ವಾತ್ಸಲ್ಯ. ಈ ಮೊಮ್ಮಗಳು, ನನ್ನ ಅಣ್ಣನ ಮಗಳು, ಕಾಲೇಜಿಗೆ ಹೋಗುತ್ತಿರುವವಳು. ಕಳೆದ ವರ್ಷ ಅವಳಿಗೆ ತಲೆತುರಿಕೆ ಹತ್ತಿತು. ಕಪ್ಪು ರವಕೆಯ ಹೆಗಲ ಮೇಲೆ ಹಿಟ್ಟು ಚೆಲ್ಲಿದಂತೆ ಹೊಟ್ಟು. ಒಂದು ಮದುವೆಯಲ್ಲಿ ಪಕ್ಕದಲ್ಲಿದ್ದವರು, “ಹೇನೇನಾದರೂ ಇದೆಯೋ?” ಎಂದು ತುಸು ಸರಿದು ಕುಳಿತರಂತೆ. ಅಂದಿನಿಂದ ಹುಡುಗಿ ಮಲ್ಲಿಗೆ ಮುಡಿಯುವುದನ್ನೇ ಬಿಟ್ಟಳು. ಶಂಕರಪುರದ ಮಲ್ಲಿಗೆಗೆ ಪ್ರಾಣ ಬಿಡುವವಳು ಅವಳು! ಅಜ್ಜಿ ಎಣ್ಣೆಯ ಪ್ರಮಾಣವನ್ನು ಹೆಚ್ಚಿಸಿದರು. ಯಾರೋ ಹೇಳಿದರೆಂದು ಲಿಂಬೆಯ ರಸವನ್ನೂ ಹಚ್ಚಿದರು. ತುರಿಸಿ ಗಾಯವಾದಲ್ಲಿ ಅದು ಉರಿದು, ಮಗು ಅತ್ತಿತು.

ಕೊನೆಗೆ ಚರ್ಮವೈದ್ಯರಲ್ಲಿಗೆ ಕರೆದೊಯ್ದೆ. ಅವರು ಹೇಳಿದ ಸಂಗತಿ ಹೀಗೆ: ಎಲ್ಲರ ನೆತ್ತಿಯಲ್ಲಿಯೂ ಒಂದು ಸೂಕ್ಷ್ಮ ಶಿಲೀಂಧ್ರವು ವಾಸಿಸುತ್ತದೆ. 1874ರಲ್ಲಿ ಅದನ್ನು ವರ್ಣಿಸಿದ ಫ್ರೆಂಚ್ ವಿದ್ವಾಂಸ ಮಲಸೇ ಅವರಿಂದ ಅದಕ್ಕೆ ಮಲಸೇಜಿಯ ಎಂಬ ಹೆಸರು ಬಂತು. ಚರ್ಮದ ಜಿಡ್ಡೇ ಅದರ ಆಹಾರ. ಜಿಡ್ಡನ್ನು ಒಡೆದಾಗ ಹುಟ್ಟುವ ಆಮ್ಲವು ಕೆಲವರ ಚರ್ಮಕ್ಕೆ ಒಗ್ಗದೆ, ನವೆಯೆದ್ದು, ಚರ್ಮವು ಬೇಗಬೇಗನೆ ಸುಲಿಯುತ್ತದೆ. ಇದು ಕೊಳಕಿನ ಗುರುತೂ ಅಲ್ಲ, ಅಂಟುವ ರೋಗವೂ ಅಲ್ಲ. ಈ ಕೊನೆಯ ಮಾತನ್ನು ಕೇಳಿ ಹುಡುಗಿಯ ಮುಖ ಅರಳಿದ್ದನ್ನು ನಾನು ಕಂಡೆ. ಔಷಧದ ಅರ್ಧ ಕೆಲಸ ಅಲ್ಲಿಯೇ ಆಗಿತ್ತು.

ನೂರಕ್ಕೆ 2 ಪಾಲು ಕೀಟೊಕೊನಜೋಲ್ ಇರುವ ಶಾಂಪೂವನ್ನು ಬರೆದುಕೊಟ್ಟರು. ಒದ್ದೆ ತಲೆಗೆ, ಕೂದಲಿಗಿಂತ ನೆತ್ತಿಗೇ ಮುಟ್ಟುವಂತೆ ಹಚ್ಚಿ, 3ರಿಂದ 5 ನಿಮಿಷ ಬಿಟ್ಟು ತೊಳೆಯಬೇಕು; ವಾರಕ್ಕೆ ಎರಡು ಸಲ, 2ರಿಂದ 4 ವಾರ. ಹಚ್ಚಿದೊಡನೆ ನೀರು ಹೊಯ್ದುಕೊಂಡು “ಮದ್ದು ತಾಗಲಿಲ್ಲ” ಎನ್ನುವವರೇ ಬಹಳವೆಂದು ವೈದ್ಯರು ನಕ್ಕರು. ರಾತ್ರಿಯಿಡೀ ಎಣ್ಣೆ ಬಿಡುವುದು ಮಾತ್ರ ಸದ್ಯಕ್ಕೆ ಬೇಡವೆಂದರು.

ಇದನ್ನು ತಾಯಿಗೆ ತಿಳಿಸುವುದೇ ಕಷ್ಟವಾಯಿತು. “ಹಾಗಾದರೆ ಇಷ್ಟು ವರ್ಷ ನಾನು ಮಗುವಿಗೆ ವಿಷ ಹಚ್ಚಿದೆನೇ?” ಎಂದರು. ಎರಡು ದಿನ ಮಾತಿಲ್ಲ. ಶಾಂಪೂ ಎಂಬ ಪದವು ತಿಕ್ಕು, ಒತ್ತು ಎಂಬರ್ಥದ ಹಿಂದಿಯ ‘ಚಾಂಪೋ’ದಿಂದ ಬಂದದ್ದೆಂದೂ, ಪಾಟ್ನಾದಲ್ಲಿ 1759ರಲ್ಲಿ ಹುಟ್ಟಿದ ದೀನ್ ಮಹಮ್ಮದರೆಂಬವರು ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಸ್ನಾನಗೃಹ ನಡೆಸಿ, ಮೈತಿಕ್ಕುವ ಆ ವಿದ್ಯೆಯನ್ನು ಅಲ್ಲಿಯವರಿಗೆ ರೂಢಿ ಮಾಡಿಸಿದರೆಂದೂ ಹೇಳಿದೆ. “ತಿಕ್ಕುವುದು ನಮ್ಮದೇ ಅನ್ನು” ಎಂದು ಅವರು ಸ್ವಲ್ಪ ಇಳಿದರು. ಈಗ ವಾರಕ್ಕೆರಡು ಸಲ ಶಾಂಪೂ ಹಚ್ಚಿ ನೊರೆ ಬರಿಸುವವರು ಅವರೇ. ಎಣ್ಣೆಯ ಬಟ್ಟಲು ಮೊಮ್ಮಗಳ ಅಂಗಾಲಿಗೆ ಇಳಿದಿದೆ.

ಮೂರು ವಾರಗಳಲ್ಲಿ ತುರಿಕೆ ನಿಂತಿತು. ಆಟಿಯ ಮಳೆಯಲ್ಲಿ ಮತ್ತೆ ತಲೆಯೆತ್ತಿತು, ಹಾಗಾಗುವುದುಂಟಂತೆ. ಅದಕ್ಕಾಗಿ ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಅದೇ ಶಾಂಪೂವನ್ನು ಮುಂದುವರಿಸಿದ್ದೇವೆ. ಆದರೆ ಎಲ್ಲ ಹೊಟ್ಟೂ ಇದೇ ಅಲ್ಲ. ಮಕ್ಕಳ ತಲೆಯಲ್ಲಿ ಬಿಲ್ಲೆಯಂತೆ ಕೂದಲುದುರಿದರೆ, ಬೆಳ್ಳಿಯಂತಹ ದಪ್ಪ ಹೊಪ್ಪಳೆ ಏಳುತ್ತಿದ್ದರೆ, ಕೀವು ಸೋರಿದರೆ, ಅಂಗಡಿಯ ಬಾಟ್ಲಿಯನ್ನು ನೆಚ್ಚದೆ ವೈದ್ಯರಿಗೆ ತೋರಿಸತಕ್ಕದ್ದು.