ಇನ್ನೊಂದು ಸೌಟು ಬೇಡ

ತೂಕ ಇಳಿಸೋ ಆಪರೇಷನ್ ಆದವರಿಗೆ ಬಡಿಸುವಾಗ ದಯವಿಟ್ಟು ಬಲವಂತ ಮಾಡಬೇಡಿ. ಸ್ಲೀವ್ ಸರ್ಜರಿಯಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ತೆಗೆದಿರ್ತಾರೆ. ಉಳಿದದ್ದರಲ್ಲಿ ಶುರುವಿಗೆ ಒಂದು ಸಣ್ಣ ಬಟ್ಟಲಿನಷ್ಟು ಹಿಡಿದರೆ ಹೆಚ್ಚು. ಮೊದಲು ಬರೀ ದ್ರವ, ಆಮೇಲೆ ನುಣ್ಣಗೆ ರುಬ್ಬಿದ್ದು, ಆಮೇಲಷ್ಟೇ ಮೆತ್ತಗಿನ ಊಟ.

ನಮ್ಮ ಅತ್ತಿಗೆ ಈಗ ಆ ಮೆತ್ತಗಿನ ಹಂತದಲ್ಲಿದ್ದಾರೆ. ಮಗುವಿನ ಚಮಚ ಹಿಡಿದು, ಕಿವುಚಿದ ಹೆಸರುಬೇಳೆ ನಾಲ್ಕೈದು ಚಮಚ, ಬೇಯಿಸಿದ ಅರ್ಧ ಮೊಟ್ಟೆ. ಅಷ್ಟಕ್ಕೇ ಅರ್ಧ ಗಂಟೆ. ಒಂದು ತುತ್ತು ಹೆಚ್ಚಾದರೂ ಎದೆಯಲ್ಲೇ ನಿಂತುಬಿಡುತ್ತೆ. ಊಟದ ಜೊತೆ ನೀರೂ ಇಲ್ಲ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ. ಪ್ರೊಟೀನ್ ಮೊದಲು, ಜಾಗ ಉಳಿದರೆ ಅನ್ನ. (ಉಳಿಯಲ್ಲ.)

ತಮಾಷೆ ಅಂದ್ರೆ ಮುದ್ದೆ. ನೋಡೋಕೆ ಅದಕ್ಕಿಂತ ಮೆತ್ತಗಿನದು ಯಾವುದಿದೆ? ಆದರೆ ನಾವು ಅದನ್ನು ಅಗಿಯಲ್ಲ, ಸಾರಲ್ಲಿ ಅದ್ದಿ ನುಂಗ್ತೀವಿ. ಇವರಿಗೋ ಪ್ರತಿ ತುತ್ತನ್ನೂ ಅಗಿದು ನೀರು ಮಾಡಿಯೇ ಒಳಗೆ ಬಿಡಬೇಕು. ಹಾಗಾಗಿ ಅತ್ತಿಗೆಗೆ ಸದ್ಯ ತೆಳ್ಳಗಿನ ರಾಗಿ ಗಂಜಿ.

ನೆಂಟರೊಬ್ಬರು ತಟ್ಟೆ ನೋಡಿ, "ಇದೇನಮ್ಮ, ಗುಬ್ಬಿ ತಿಂದಂಗೆ ತಿಂತೀಯ?" ಅಂದರು. ಅತ್ತಿಗೆ ಉತ್ತರಿಸಲಿಲ್ಲ. ಬಾಯಲ್ಲಿ ತುತ್ತಿತ್ತು, ಇನ್ನೂ ಅಗಿಯೋದಿತ್ತು.