ಹೆಡ್‌ಫೋನ್ ಕಥೆ, ಭಾಗ 3: ವೆಲ್ವೆಟ್ ಪ್ಯಾಡ್

ನನ್ನ ಕೆನ್ನೆ ಮೇಲೆ ಕಪ್ಪು ಚೂರು ನೋಡಿ ನಗಾಡಿದ್ರಲ್ಲ, ಅದು ಸ್ಟುಡಿಯೋ ಹೆಡ್‌ಫೋನಿನ ಇಯರ್ ಪ್ಯಾಡ್ ಸಿಪ್ಪೆ ಮಾರಾಯ್ರೆ. ಲೆದರ್ ಅಲ್ಲ ಅದು, ಬಟ್ಟೆ ಮೇಲೆ ಪಿಯು ಪ್ಲಾಸ್ಟಿಕ್ ಪದರ. ಮಂಗಳೂರಿನ ಸೆಕೆ, ಬೆವರು ಸೇರಿದ್ರೆ ಉದುರ್ತಾ ಹೋಗ್ತದೆ. ಹೊಸ ಹೆಡ್‌ಫೋನಿಗೆ 8000, ಪ್ಯಾಡಿಗೆ 600. ಬಿಕಾಂನವರಿಗೆ ಲೆಕ್ಕ ಬಿಡಿಸಿ ಹೇಳ್ಬೇಕಾ?

ವೆಲ್ವೆಟ್ ಪ್ಯಾಡ್ ತರಿಸಿದೆ. ಎಂಥ ಸುಖ! ಎರಡು ಗಂಟೆ ಹಾಕಿದ್ರೂ ಕಿವಿ ಬಿಸಿ ಆಗುದಿಲ್ಲ, ಕನ್ನಡಕದ ಕಡ್ಡಿ ಒತ್ತುದಿಲ್ಲ. ಆದ್ರೆ ಅಜ್ಜನ ಭಾಗವತಿಕೆ ಕ್ಯಾಸೆಟ್ ಕೇಳಿದ್ರೆ ಚೆಂಡೆ ಕಿವಿಗೆ ಚುಚ್ತದೆ, ಮದ್ದಳೆಯ ತುಂಬು ದನಿಯೇ ಇಲ್ಲ. ಮುಚ್ಚಿದ ಹೆಡ್‌ಫೋನಲ್ಲಿ ಬೇಸ್ ಬರ್ಬೇಕಾದ್ರೆ ಕಪ್ಪಿನೊಳಗಿನ ಗಾಳಿ ಹೊರಗೆ ಸೋರಬಾರದು, ವೆಲ್ವೆಟಲ್ಲಿ ಸೋರ್ತದೆ. ಪ್ಯಾಡ್ ದಪ್ಪ ಆದ್ರೆ ಒಳಗಿನ ಡ್ರೈವರ್ ಕಿವಿಯಿಂದ ದೂರ ಆಗಿ ದನಿ ಇನ್ನೂ ಬದಲಾಗ್ತದೆ. (ಕನ್ನಡಕದ ಕಡ್ಡಿಯೂ ಸಂದು ಮಾಡ್ತದೆ, ಅದಕ್ಕೇನೂ ಮಾಡ್ಲಿಕ್ಕಾಗುದಿಲ್ಲ.)

ಆ ಕ್ಯಾಸೆಟ್‌ಗಳ ಗುಸ್ ಸದ್ದು ತೆಗೆದು ಫೋನಿಗೆ ಹಾಕುವ ಕೆಲಸ ನಂದು. ಅಜ್ಜ ಈಗ ಹಾಡುದಿಲ್ಲ. ಕೇಳ್ತಿಲ್ಲ ಅಂತ ಮದ್ದಳೆ ಏರಿಸಿದ್ರೆ ಉಳಿದವರ ಸ್ಪೀಕರಲ್ಲಿ ಅಜ್ಜನ ದನಿ ಮುಳುಗ್ತದೆ. ಹಾಗಾಗಿ ಹಳೇದರಷ್ಟೇ ದಪ್ಪದ ಪಿಯು ಪ್ಯಾಡನ್ನೇ ಹಾಕಿದೆ. ಬೆವರ್ತದೆ, ಅರ್ಧ ಗಂಟೆಗೊಮ್ಮೆ ತೆಗೆದಿಡ್ತೇನೆ. ಐದು ಕ್ಯಾಸೆಟ್ ಮುಗೀತು, ಹನ್ನೊಂದು ಬಾಕಿ.

ವೆಲ್ವೆಟ್ ಜೋಡಿ ಡ್ರಾಯರಲ್ಲಿ ಉಂಟು. ಬರೀ ಸಿನಿಮಾ ನೋಡುವವರಿಗೆ ಬೇಕಾದ್ರೆ ಅಳತೆ ನೋಡಿ ಮೆಸೇಜ್ ಮಾಡಿ.