ಮರಳಿ ಬಂದ ಕಂಠಕ್ಕೆ ಬೃಂದಗಾನ

ವಯಸ್ಸಾದ ಮೇಲೆ ಮತ್ತೆ ಹಾಡಲು ತೊಡಗುವವರಿಗೆ ಏಕವ್ಯಕ್ತಿ ಗಾಯನಕ್ಕಿಂತ ಪಾಶ್ಚಾತ್ಯ ಶೈಲಿಯ ಬೃಂದಗಾನವೇ ಹೆಚ್ಚು ಒಗ್ಗುತ್ತದೆ ಎಂಬುದಕ್ಕೆ ಮುಖ್ಯ ಕಾರಣ ಉಸಿರು. ಪ್ರಾಯ ಕಳೆದಂತೆ ಎದೆಗೂಡು ಬಿಗಿಯಾಗಿ, ಧ್ವನಿತಂತುಗಳು ತೆಳುವಾಗಿ, ದೀರ್ಘ ಸ್ವರವನ್ನು ಒಂದೇ ಉಸಿರಿನಲ್ಲಿ ಹಿಡಿದು ನಿಲ್ಲಿಸುವ ಶಕ್ತಿ ಕುಗ್ಗುತ್ತದೆ. ಆದರೆ ಬೃಂದದಲ್ಲಿ ಅಕ್ಕಪಕ್ಕದವರು ಒಟ್ಟಿಗೆ ಉಸಿರೆಳೆಯದೆ ಬೇರೆಬೇರೆ ಕ್ಷಣಗಳಲ್ಲಿ ಎಳೆದುಕೊಂಡು ಸ್ವರ ಕಡಿಯದಂತೆ ಕಾಯುವ ಪದ್ಧತಿ ಇರುವುದರಿಂದ, ಒಬ್ಬರ ಕೊರತೆ ಕೇಳುಗರ ಕಿವಿಗೆ ಬೀಳುವುದೇ ಇಲ್ಲ.

ಸ್ತ್ರೀಕಂಠವು ಸಾಮಾನ್ಯವಾಗಿ ವಯಸ್ಸಿನೊಂದಿಗೆ ತಗ್ಗುವುದರಿಂದ, ಯೌವನದಲ್ಲಿ ಸೊಪ್ರಾನೊ, ಎಂದರೆ ಅತಿ ಎತ್ತರದ ಸ್ವರಭಾಗವನ್ನು ಹಾಡಿದವರು ಮರಳಿ ಬಂದಾಗ ಆಲ್ಟೊ ಎಂಬ ಕೆಳಭಾಗಕ್ಕೆ ಇಳಿಯುವುದುಂಟು. ಇದನ್ನು ಹಿಂಬಡ್ತಿಯೆಂದು ಭಾವಿಸುವುದು ತಪ್ಪು. ಮೇಲಿನವರು ಬಹುಮಟ್ಟಿಗೆ ಮುಖ್ಯ ಧಾಟಿಯನ್ನೇ ಹಿಡಿದು ಸಾಗುವಾಗ, ಅದಕ್ಕೆ ಮಾರುಹೋಗದೆ ತನ್ನ ಭಾಗವನ್ನು ಉಳಿಸಿಕೊಳ್ಳಲು ಪಳಗಿದ ಕಿವಿಯೇ ಬೇಕು. (ಎಲ್ಲರೂ ಒಂದೇ ಧಾಟಿಯಲ್ಲಿ ಹಾಡುವ ನಮ್ಮ ಭಜನಾ ಮಂಡಳಿಗಳಿಗೆ ಈ ತೊಡಕಿಲ್ಲ.)

ಮರಳಿ ಬಂದವರಿಗೆ ಹಳೆಯ ನೆನಪೂ ನೆರವಾಗುತ್ತದೆ. ಇಂಗ್ಲೆಂಡಿನ ಜವಳಿ ಗಿರಣಿಗಳ ಊರಾಗಿದ್ದ ಹಡರ್ಸ್‌ಫೀಲ್ಡ್‌ನಲ್ಲಿ 1836ರಲ್ಲಿ ಹುಟ್ಟಿದ ಹವ್ಯಾಸಿ ಬೃಂದವು, 1742ರಲ್ಲಿ ಡಬ್ಲಿನ್‌ನಲ್ಲಿ ಮೊದಲು ಪ್ರಯೋಗಗೊಂಡ, ಸಂಗೀತ ರಚನಕಾರ ಹ್ಯಾಂಡೆಲ್‌ನ ‘ಮೆಸ್ಸಾಯ’ ಎಂಬ ಬೃಂದಗಾನ ಕೃತಿಯನ್ನು ಇಂದಿಗೂ ಹಾಡುತ್ತಿದೆ. ಹೀಗೆ ಅವೇ ಕೃತಿಗಳು ತಲೆಮಾರುಗಳುದ್ದಕ್ಕೂ ಮರುಕಳಿಸುವ ಕಡೆ, ದಶಕಗಳ ಬಳಿಕ ಬಂದವರಿಗೂ ತಮ್ಮ ಭಾಗ ಅರ್ಧಕ್ಕರ್ಧ ನೆನಪಿರುತ್ತದೆ.

ಶಾಲಾ ದಿನಗಳಲ್ಲಿ ಹಾಡಿ, ಸಂಸಾರದ ನಡುವೆ ಬಿಟ್ಟು, ಈಗ ಮತ್ತೆ ಗುಂಪು ಸೇರಿರುವ ಓದುಗರಿದ್ದರೆ, ಮೊದಲು ಕೈಕೊಟ್ಟದ್ದು ಉಸಿರೋ ಸ್ವರವೋ ಎಂಬುದನ್ನು ಇಲ್ಲಿ ತಿಳಿಸಬೇಕಾಗಿ ಕೋರಿಕೆ.